ಕೆಸರಿಗೆ ಬಿದ್ದ ಹೊಟ್ಟು

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಸುತ್ತಲ ಹಳ್ಳಿಗಳ ಕೆಲವು ರೈತರ ಮುಂದೆ, ತೈಲ ಬಾವಿ ಕೊರೆಯಲು ಬಳಸುವ ಕೆಸರಿಗೆ ಹೊಲದ ಕಸ ಬೆರೆಸುವ ಬಗ್ಗೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೆಗಳನ್ನು ನೆನಪಿದ್ದಷ್ಟು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಳೆ ಲಾರಿಯಿಂದ ಶುರು ಮಾಡುತ್ತೇನೆ. ನಡುದಾರಿಯಲ್ಲಿ ರೇಡಿಯೇಟರ್ ಸೋರುತ್ತಿದೆ, ಹತ್ತಿರದಲ್ಲಿ ಗ್ಯಾರೇಜ್ ಇಲ್ಲ. ಡ್ರೈವರ್ ಏನು ಮಾಡುತ್ತಾನೆ? ಅಂಗಡಿಯಿಂದ ಒಂದು ಪೊಟ್ಟಣ ಅರಿಶಿನ ಪುಡಿ ತಂದು ರೇಡಿಯೇಟರಿನ ನೀರಿಗೆ ಸುರಿಯುತ್ತಾನೆ. ಪುಡಿ ನೀರಿನ ಜೊತೆ ಸುತ್ತುತ್ತಾ ಹೋಗಿ ತೂತಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಸೋರಿಕೆ ನಿಲ್ಲುತ್ತದೆ. ಊರು ಮುಟ್ಟೋವರೆಗೆ ಅಷ್ಟು ಸಾಕು. ಇವತ್ತು ನಾನು ಹೇಳಬೇಕಾದ್ದರಲ್ಲಿ ಅರ್ಧ ಆ ಅರಿಶಿನದ ಪೊಟ್ಟಣದಲ್ಲೇ ಇದೆ.

ಕೊರೆತ ಅಂದ ಕೂಡಲೇ ನಿಮ್ಮ ಕಣ್ಣಿಗೆ ಬರುವುದು ಬೋರ್‌ವೆಲ್ ಲಾರಿ. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ನಮ್ಮ ಕಡೆ ನೆಲದಡಿ ಗಟ್ಟಿ ಕಲ್ಲು. ಸುತ್ತಿಗೆಯಂತೆ ಬಡಿಯುವ ಬಿಟ್, ಅಂದರೆ ಕೊರೆಯುವ ತುದಿ, ಇರುತ್ತದೆ, ಜೊತೆಗೆ ಕಂಪ್ರೆಸರಿನ ಗಾಳಿ. ಕಲ್ಲಿನ ಪುಡಿಯನ್ನು ಗಾಳಿಯೇ ಮೇಲಕ್ಕೆ ಊದುತ್ತದೆ. ಬೋರ್ ಹಾಕಿಸಿದ ದಿನ ಅಕ್ಕಪಕ್ಕದವರೆಲ್ಲ ಬೂದಿ ಬಳಿದುಕೊಂಡಂತೆ ಕಾಣುತ್ತಾರಲ್ಲ, ಅದೇ ಪುಡಿ. ಅಲ್ಲಿ ಕೆಸರಿಗೆ ಕೆಲಸವಿಲ್ಲ.

ತೈಲದ ಬಾವಿ ಹಾಗಲ್ಲ. ಅಸ್ಸಾಂ, ಗೋದಾವರಿ ಸೀಮೆ, ರಾಜಸ್ಥಾನದ ಬಾರ್ಮೇರ್, ಇಲ್ಲೆಲ್ಲ ನೆಲದಡಿ ಮರಳುಗಲ್ಲು, ಜೇಡಿಪದರ. ತೂತು ಮಾಡಿದರೆ ಗೋಡೆ ಕುಸಿಯುತ್ತದೆ. ಒಳಗೆ ನೀರು, ಅನಿಲ, ಎಣ್ಣೆ ಒತ್ತಡದಲ್ಲಿ ಕೂತಿರುತ್ತವೆ. ದಾರಿ ಸಿಕ್ಕರೆ ನುಗ್ಗುತ್ತವೆ. ಅದಕ್ಕೇ ಬಾವಿಯನ್ನು ಕೆಸರು ತುಂಬಿಸಿಕೊಂಡೇ ಕೊರೆಯುತ್ತಾರೆ. ಪೈಪಿನ ಒಳಗಿಂದ ಕೆಸರು ಕೆಳಗೆ ಹೋಗಿ, ಬಿಟ್‌ನ ತೂತುಗಳಿಂದ ಚಿಮ್ಮಿ, ಕಲ್ಲಿನ ನುರುಕು ಹೊತ್ತುಕೊಂಡು ಹೊರಬದಿಯಿಂದ ಮೇಲೆ ಬರುತ್ತದೆ. ಮೇಲೆ ಜರಡಿ ಹಿಡಿದು ಮತ್ತೆ ಕೆಳಗೆ ಕಳಿಸುತ್ತಾರೆ. ಹಗಲು ರಾತ್ರಿ ಇದೇ ಸುತ್ತು.

ಕರ್ನಾಟಕದಲ್ಲಿ ತೈಲ ತೆಗೆಯುವ ಬಾವಿ ಇಲ್ಲ. ನಾನು ದುಡಿದದ್ದೆಲ್ಲ ಹೊರಗೇ. ಕೊರೆಯುವ ಯಂತ್ರದ ಅಟ್ಟ, ಅಂದರೆ ರಿಗ್ ಮೇಲೆ ನನ್ನನ್ನು ಮಡ್ ಎಂಜಿನಿಯರ್ ಅಂತಿದ್ದರು. ರಜೆಗೆ ಊರಿಗೆ ಬಂದರೆ ಅಮ್ಮ ಕೇಳೋಳು, "ಅಷ್ಟು ಓದಿಸಿದ್ದು ಮಣ್ಣು ಕಲಸೋದಕ್ಕಾ?"

ಹೌದಮ್ಮ, ಅದಕ್ಕೇ. ಆದರೆ ಆ ಮಣ್ಣು ಸುಮ್ನೆ ಮಣ್ಣಲ್ಲ. ಒಂದು ಲೆಕ್ಕ ನೋಡಿ. ಹತ್ತು ಮೀಟರ್ ನೀರು ತನ್ನ ತಳದ ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು ಒಂದು ಕೆಜಿ ಭಾರ ಹಾಕುತ್ತದೆ. ನೀರಿಗಿಂತ 1.2 ಪಟ್ಟು ತೂಕದ ಕೆಸರನ್ನು 3,000 ಮೀಟರ್ ನಿಲ್ಲಿಸಿದರೆ ತಳದಲ್ಲಿ 360 ಕೆಜಿ. ಕೆಳಗಿನ ಅನಿಲವನ್ನು ಅದುಮಿ ಹಿಡಿಯುವುದು ಈ ಭಾರವೇ. 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟವಾಗಿ 11 ಜನ ಸತ್ತರು. ಅಲ್ಲಿ ತಪ್ಪುಗಳು ಹಲವು. ಅದರಲ್ಲೊಂದು, ಬಾವಿ ಭದ್ರವಾಗಿದೆ ಎಂದು ನಂಬಿ ಭಾರದ ಕೆಸರನ್ನು ತೆಗೆದು ಸಮುದ್ರದ ನೀರು ತುಂಬುತ್ತಿದ್ದದ್ದು.

ಈ ಕೆಸರಿನ ಮೈ ಬೆಂಟೊನೈಟ್ ಜೇಡಿ. ನಮ್ಮ ದೇಶದಲ್ಲಿ ಕಛ್‌ನಿಂದ ಬರುತ್ತದೆ. ತೂಕಕ್ಕೆ ಬೆರೈಟ್ ಪುಡಿ. ಕಡಪ ಸೀಮೆಯ ಮಂಗಂಪೇಟೆಯಲ್ಲಿ ಅದರ ದೊಡ್ಡ ಗಣಿಯಿದೆ. ಇವೆರಡೂ ನೆಲದವು. ಇವುಗಳ ಮೇಲೆ ಉಪ್ಪು, ಖಾರ, ಒಗ್ಗರಣೆ ಅಂತ ಹತ್ತಾರು ಪದಾರ್ಥ ಬೀಳುತ್ತವೆ. ಹೊಲದ ಕಸ ಒಳಗೆ ಬರುವುದು ಈ ಒಗ್ಗರಣೆಯ ಜಾಗದಲ್ಲಿ.

ಇದು ಹೊಸ "ಹಸಿರು" ಆಲೋಚನೆ ಅಂತ ಈಗ ಭಾರಿ ಪ್ರಚಾರ ನಡೆಯುತ್ತಿದೆ. ನನಗೆ ನಗು ಬರುತ್ತದೆ. 1887ರಲ್ಲೇ ಚಾಪ್‌ಮನ್ ಎಂಬ ಅಮೆರಿಕನ್ ಒಬ್ಬ ಪೇಟೆಂಟಿಗೆ ಅರ್ಜಿ ಹಾಕಿದ್ದ. ನೀರಿನ ಜೊತೆ ಮೆತ್ತುವಂಥ ಏನನ್ನಾದರೂ ಬಾವಿಗೆ ಕಳಿಸಿದರೆ ಗೋಡೆಗೆ ಲೇಪ ಬಿದ್ದು ಸೋರುವುದು ನಿಲ್ಲುತ್ತದೆ ಅಂತ. ಅವನು ಹೇಳಿದ ಪದಾರ್ಥಗಳು ಜೇಡಿ, ಸಿಮೆಂಟು, ಧಾನ್ಯ ಮತ್ತು ತೌಡು. ತೌಡು! ನಮ್ಮ ಎಮ್ಮೆಗೆ ಹಾಕುವ ತೌಡು. ಇನ್ನು 1901ರ ಜನವರಿಯಲ್ಲಿ ಟೆಕ್ಸಸ್‌ನ ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ಚಿಮ್ಮಿತಲ್ಲ, ಆ ಬಾವಿ ಕೊರೆದ ಹ್ಯಾಮಿಲ್ ಸಹೋದರರು ಮರಳು ಕುಸಿಯುವುದನ್ನು ತಡೆಯಲು ಹೊಂಡದಲ್ಲಿ ದನ ಓಡಿಸಿ ನೀರನ್ನು ರಾಡಿ ಮಾಡಿದರು ಎಂಬ ಕಥೆ ತೈಲದವರ ಬಾಯಲ್ಲಿ ಇಂದಿಗೂ ಇದೆ. ಮಣ್ಣಿನ ಗೋಡೆ ಕಟ್ಟಲು ಹೊಟ್ಟು ಬೆರೆಸಿ, ದನ ತುಳಿಸಿ, ಮಣ್ಣು ಹದ ಮಾಡಿದ ಹಿರಿಯರು ಇಲ್ಲೂ ಕೂತಿದ್ದೀರಿ. ನಿಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು, ಅಲ್ವಾ?

ಈಗ ಮುಖ್ಯ ವಿಷಯ. ಕೊರೆಯುತ್ತಾ ಹೋದಾಗ ಕೆಲವೊಮ್ಮೆ ಬಿರುಕು ಬಿಟ್ಟ ಪದರ ಸಿಗುತ್ತದೆ. ಕಳಿಸಿದ ಕೆಸರು ಮೇಲೆ ಬರುವುದಿಲ್ಲ, ಬಿರುಕಿಗೆ ಹರಿದು ಹೋಗುತ್ತದೆ. ರಿಗ್‌ನಲ್ಲಿ ಇದಕ್ಕೆ ಒಂದೇ ಮಾತು: "ಲಾಸ್." ತೊಟ್ಟಿಯ ಮಟ್ಟ ಇಳಿಯುವುದನ್ನು ನೋಡುತ್ತಾ ನಿಲ್ಲುವುದಿದೆಯಲ್ಲ, ಆ ಹೊಟ್ಟೆಯ ಸಂಕಟ ಯಾರಿಗೂ ಬೇಡ. ಹೋಗುವುದು ಬರೀ ಕೆಸರಲ್ಲ. ಬಾವಿಯೊಳಗೆ ಕೆಸರಿನ ಎತ್ತರ ಇಳಿದರೆ ಆಗಲೇ ಹೇಳಿದ ಭಾರ ಕಡಿಮೆಯಾಗುತ್ತದೆ. ಮೇಲಿನ ಪದರದ ಅನಿಲ ಒಳಗೆ ನುಗ್ಗಬಹುದು.

ಆಗ ಬೇಕಾದ್ದು ಅರಿಶಿನದ ಪೊಟ್ಟಣ. ಸ್ವಲ್ಪ ದೊಡ್ಡ ಪೊಟ್ಟಣ. ಆಕ್ರೋಟು ಚಿಪ್ಪಿನ ನುರುಕು, ಹತ್ತಿಬೀಜದ ಹೊಟ್ಟು, ಕಡಲೆಕಾಯಿ ಸಿಪ್ಪೆ, ಭತ್ತದ ಹೊಟ್ಟು, ಕಬ್ಬಿನ ಸಿಪ್ಪೆ, ತೆಂಗಿನ ನಾರು, ಮೆಕ್ಕೆಜೋಳದ ಬೆಂಡು. ಇವೆಲ್ಲ ದಶಕಗಳಿಂದ ಬಾವಿಗೆ ಇಳಿದಿವೆ. 1951ರಲ್ಲಿ ಹೋವರ್ಡ್ ಮತ್ತು ಸ್ಕಾಟ್ ಎಂಬ ಇಬ್ಬರು ಅಮೆರಿಕದಲ್ಲಿ ಒಂದು ಒಳ್ಳೆ ಕೆಲಸ ಮಾಡಿದರು. ಬೇರೆ ಬೇರೆ ಅಗಲದ ಸೀಳುಗಳ ಮೇಲೆ ಒಂದೊಂದೇ ಪದಾರ್ಥ ಕಳಿಸಿ ಯಾವುದು ಎಷ್ಟು ಅಗಲ ಮುಚ್ಚುತ್ತದೆ ಅಂತ ಅಳೆದರು. ಕಾಯಿಚಿಪ್ಪಿನ ನುರುಕು ಕಾಲು ಇಂಚಿನ ಸೀಳನ್ನೂ ಮುಚ್ಚಿತು. ಒಣಹುಲ್ಲು, ಹತ್ತಿಬೀಜದ ಹೊಟ್ಟು ಅದಕ್ಕಿಂತ ಕಿರಿದಾದ ಸೀಳಿಗೇ ಸೋತವು.

ಯಾಕೆ ಅಂದರೆ ಬಿರುಕು ಮುಚ್ಚುವುದು ಕಲ್ಲಿನ ಕಟ್ಟೆ ಹಾಕಿದ ಹಾಗೆ. ಮೊದಲು ದಪ್ಪ ಕಲ್ಲು ಅಡ್ಡ ನಿಲ್ಲಬೇಕು. ಅದರ ಸಂದಿಗೆ ಜಲ್ಲಿ, ಅದರ ಸಂದಿಗೆ ಮರಳು. ಕೊನೆಗೆ ಜೇಡಿ ಮೆತ್ತಿಕೊಳ್ಳುತ್ತದೆ. ದಪ್ಪ ಚೂರು ಮೆತ್ತಗಿದ್ದರೆ ಒತ್ತಡಕ್ಕೆ ಮಡಚಿಕೊಂಡು ಒಳಗೇ ಹೋಗಿಬಿಡುತ್ತದೆ. ಬರೀ ಸಣ್ಣ ಪುಡಿಯಾದರೆ ಹರಿದು ಹೋಗುತ್ತದೆ. ಗಟ್ಟಿ ಚೂರು, ನಾರು, ಚಪ್ಪಟೆ ಹಾಳೆ ಮೂರೂ ಬೆರೆತರೆ ಕಟ್ಟೆ ನಿಲ್ಲುತ್ತದೆ.

(ಇಲ್ಲಿ ನಾನು ತಂದಿದ್ದ ಎರಡು ಪ್ಲಾಸ್ಟಿಕ್ ಬಾಟಲಿ ತೋರಿಸಿದೆ. ಎರಡರ ತಳದಲ್ಲೂ ಒಂದೇ ಅಗಲದ ಸೀಳು. ಮೊದಲನೆಯದಕ್ಕೆ ಬರೀ ಜೇಡಿನೀರು ಹೊಯ್ದೆ. ಕೆಳಗಿಟ್ಟಿದ್ದ ಬಕೆಟ್‌ಗೆ ಪೂರ್ತಿ ಇಳಿಯಿತು. ಎರಡನೆಯದಕ್ಕೆ ದಪ್ಪ, ಸಣ್ಣ, ಪುಡಿ ಎಂದು ಮೂರು ಬಗೆಯಲ್ಲಿ ಕುಟ್ಟಿದ ಕಡಲೆಕಾಯಿ ಸಿಪ್ಪೆ ಬೆರೆಸಿದ ಜೇಡಿನೀರು. ಒಂದು ಲೋಟದಷ್ಟು ಸೋರಿ ನಿಂತಿತು. ಚಪ್ಪಾಳೆ ಬಿತ್ತು. ಮನೆಯಲ್ಲಿ ನಾಲ್ಕು ಸಲ ಕೆಟ್ಟಿತ್ತು ಅಂತ ಆಗ ಹೇಳಲಿಲ್ಲ.)

ಗೋದಾವರಿ ಸೀಮೆಯ ಒಂದು ಬಾವಿಯ ಮಾತು. ನಾನಿನ್ನೂ ಹುಡುಗ. ರಾತ್ರಿ ಲಾಸ್ ಶುರುವಾಯಿತು. ಸ್ಟಾಕ್‌ನಲ್ಲಿದ್ದ ಚಿಪ್ಪಿನ ನುರುಕು ಖಾಲಿ. ಸುತ್ತ ಎಲ್ಲಿ ನೋಡಿದರೂ ಅಕ್ಕಿ ಗಿರಣಿ. ಯಾರೋ ಜೀಪ್ ತಗೊಂಡು ಹೋಗಿ ಹತ್ತಿರದ ಗಿರಣಿಯಿಂದ ಹೊಟ್ಟಿನ ಚೀಲ ಹೇರಿಕೊಂಡು ಬಂದರು. ಬಿಚ್ಚಿ ಸುರಿದೆವು. ಲಾಸ್ ಕಡಿಮೆಯಾಗುತ್ತಾ ಬಂತು. ನಾನು ಖುಷಿಯಲ್ಲಿ ಬೀಗುತ್ತಿದ್ದೆ. ಅರ್ಧ ಗಂಟೆಗೆ ಪಂಪಿನ ಒತ್ತಡ ಜಿಗಿಯಿತು. ಬಿಟ್‌ನ ತೂತುಗಳು ಕಟ್ಟಿಕೊಂಡಿದ್ದವು. ಅಷ್ಟೂ ಪೈಪನ್ನು ಒಂದೊಂದಾಗಿ ಮೇಲೆತ್ತಬೇಕಾಯಿತು. ಒಂದಿಡೀ ರಾತ್ರಿ, ಮರುದಿನ ಮಧ್ಯಾಹ್ನದವರೆಗೆ. ಬಿಟ್ ಹೊರಗೆ ಬಂದಾಗ ನೋಡಿದರೆ ತೂತಿಗೆ ಸಿಕ್ಕಿದ್ದದ್ದು ಹೊಟ್ಟಲ್ಲ. ಗೋಣಿಚೀಲದ ಹುರಿ. ಜೊತೆಗೆ ಎರಡು ಜಲ್ಲಿಕಲ್ಲು, ಒಂದು ಬೀಡಿ ತುಂಡು.

ಅಂಗಡಿಯಲ್ಲಿ ಕೊಳ್ಳುವ ನುರುಕಿನ ಚೀಲಕ್ಕೂ ಗಿರಣಿಯ ಚೀಲಕ್ಕೂ ಇರುವ ವ್ಯತ್ಯಾಸ ಆ ಬೀಡಿ ತುಂಡು. ಒಣಗಿಸುವುದು, ಕಲ್ಲು ಆರಿಸುವುದು, ಬೀಸುವುದು, ಇಷ್ಟು ಮಿಲಿಮೀಟರಿನಿಂದ ಇಷ್ಟರ ಒಳಗೆ ಎಂದು ಜರಡಿ ಹಿಡಿಯುವುದು, ಪ್ರತಿ ಚೀಲವೂ ಹೋದ ಚೀಲದಂತೆಯೇ ಇರುವ ಹಾಗೆ ನೋಡಿಕೊಳ್ಳುವುದು. ಇದಕ್ಕೆಲ್ಲ ಖರ್ಚಿದೆ. "ಕಸ ಪುಕ್ಕಟೆ ಸಿಗುತ್ತದೆ" ಅಂತ ಬರೆಯುವವರು ಈ ಲೆಕ್ಕ ಬಿಡುತ್ತಾರೆ.

ಇನ್ನೂ ತೊಡಕುಗಳಿವೆ. ಮೇಲೆ ಬಂದ ಕೆಸರನ್ನು ಜರಡಿ ಹಿಡಿಯುತ್ತೇವೆ ಅಂದೆನಲ್ಲ, ಆ ಜರಡಿ ಕಲ್ಲಿನ ನುರುಕನ್ನೂ ಹಿಡಿಯುತ್ತದೆ, ನಾವು ಹಾಕಿದ ಹೊಟ್ಟನ್ನೂ ಹಿಡಿಯುತ್ತದೆ. ಹೊಟ್ಟು ಉಳಿಸಿಕೊಳ್ಳಲು ಜರಡಿ ತಪ್ಪಿಸಿದರೆ ಕಲ್ಲಿನ ಪುಡಿಯೂ ಕೆಸರಲ್ಲೇ ಉಳಿದು ಅದು ಕೆಡುತ್ತದೆ. ಎಣ್ಣೆ ಇರುವ ಪದರದಲ್ಲಂತೂ ಹೊಟ್ಟು ಹಾಕಲು ಯಾರೂ ಮನಸ್ಸು ಮಾಡರು. ಅಲ್ಲಿ ಸುಣ್ಣಕಲ್ಲಿನ ಪುಡಿ ಹಾಕುತ್ತಾರೆ. ಕೆಲಸ ಮುಗಿದ ಮೇಲೆ ಆಮ್ಲ ಕಳಿಸಿದರೆ ಅದು ಕರಗಿ ದಾರಿ ಬಿಡುತ್ತದೆ. ಹೊಟ್ಟು ಕರಗುವುದಿಲ್ಲ. ಎಣ್ಣೆಯ ದಾರಿಯನ್ನು ನಾವೇ ಮುಚ್ಚಿದ ಹಾಗಾಗುತ್ತದೆ.

ಇಷ್ಟೆಲ್ಲ ತೊಡಕು ದಾಟಿ ಗೆದ್ದ ಒಂದು ಕೆಲಸ ಸೌದಿ ಅರೇಬಿಯದ್ದು. ಅಲ್ಲಿ ಖರ್ಜೂರ ಹೇರಳ. ಹಣ್ಣು ಸಂಸ್ಕರಿಸುವ ಕಡೆ ಬೀಜ ರಾಶಿ ಬೀಳುತ್ತದೆ. ಖರ್ಜೂರದ ಬೀಜ ಕಚ್ಚಿ ನೋಡಿದವರಿಗೆ ಗೊತ್ತು, ಹಲ್ಲು ಹೋದೀತು. ಸೌದಿ ಅರಾಮ್ಕೊದ ಸಂಶೋಧಕರು ಅದನ್ನು ಗಾತ್ರಕ್ಕೆ ತಕ್ಕಂತೆ ಒಡೆದು ಬಿರುಕು ಮುಚ್ಚುವ ಪದಾರ್ಥ ಮಾಡಿದರು. ಎಆರ್‌ಸಿ ಪ್ಲಗ್ ಅಂತ ಹೆಸರಿಟ್ಟರು. ಅಲ್ಲಿಯವರೆಗೆ ಹೊರದೇಶದಿಂದ ತರಿಸುತ್ತಿದ್ದ ಆಕ್ರೋಟು ಚಿಪ್ಪಿನ ಜಾಗಕ್ಕೆ ಇದು. ಖರ್ಜೂರದ ಮರದ ನಾರನ್ನೂ ಇದೇ ಕೆಲಸಕ್ಕೆ ತಂದರು. ನನಗೆ ಇದು ಇಷ್ಟವಾಗುವುದಕ್ಕೆ ಕಾರಣವಿದೆ. ಕೈಗೆ ಸಿಕ್ಕ ಯಾವುದೋ ಕಸವನ್ನು ಅವರು ಎತ್ತಿಕೊಳ್ಳಲಿಲ್ಲ. ಬೀಜ ನಿಜಕ್ಕೂ ಗಟ್ಟಿ, ಒಂದೇ ಕಡೆ ರಾಶಿ ಸಿಗುತ್ತದೆ, ಕೊರೆಯುವ ಜಾಗವೂ ಅದೇ ದೇಶದಲ್ಲಿದೆ. ಮೂರೂ ಕೂಡಿ ಬಂದವು.

ಬಿರುಕಿನ ಮಾತು ಸಾಕು. ಕೆಸರಿಗೆ ಇನ್ನೊಂದು ಸಣ್ಣ ಸೋರಿಕೆ ಇದೆ. ಮರಳುಗಲ್ಲಿನ ಗೋಡೆ ಹೀರುಬಟ್ಟೆಯಂತೆ ಕೆಸರಿನ ನೀರನ್ನು ಎಳೆದುಕೊಳ್ಳುತ್ತದೆ. ಗೋಡೆಯ ಮೇಲೆ ಜೇಡಿಯ ಲೇಪ ಉಳಿಯುತ್ತದೆ. ಲೇಪ ತೆಳುವಾಗಿ ಬಿಗಿಯಾಗಿದ್ದರೆ ಒಳ್ಳೆಯದು. ದಪ್ಪವಾದರೆ ಪೈಪ್ ಅದಕ್ಕೆ ಅಂಟಿಕೊಳ್ಳುತ್ತದೆ. ಈ ನೀರು ತಡೆಯಲು 1930ರ ದಶಕದ ಕೊನೆಯಿಂದ ಗಂಜಿ ಹಾಕುತ್ತಿದ್ದಾರೆ. ಮೆಕ್ಕೆಜೋಳದ ಗಂಜಿ, ಆಲೂಗಡ್ಡೆ ಗಂಜಿ. ನೂಲಿಗೆ ಗಂಜಿ ಹಾಕುವ ಹಾಗೇ.

ಗಂಜಿ ಹಳಸುತ್ತದೆ. ಅನ್ನದ ಗಂಜಿ ಎರಡು ದಿನ ಇಟ್ಟರೆ ಏನಾಗುತ್ತದೋ ಅದೇ. ಸುಣ್ಣವನ್ನೋ ಉಪ್ಪನ್ನೋ ಜಾಸ್ತಿ ಹಾಕಬೇಕು, ಇಲ್ಲವೇ ಕ್ರಿಮಿನಾಶಕ ಬೆರೆಸಬೇಕು. ಒಮ್ಮೆ ಹಳಸಿದ ಕೆಸರಿನ ತೊಟ್ಟಿ ಪಕ್ಕ ನಿಂತು ಊಟ ಮಾಡಿದ್ದೇನೆ, ವಾಸನೆಯ ವಿವರ ಬೇಡ. ಎರಡನೆಯದು ಬಿಸಿ. ಆಳಕ್ಕೆ ಹೋದಂತೆ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಏರುತ್ತದೆ. ನೆಲದ ಮೇಲಿನ ಬಿಸಿಯೂ ಸೇರಿದರೆ ಮೂರು ಕಿಲೋಮೀಟರಿಗೆ 110, 120 ಡಿಗ್ರಿ. ಅಲ್ಲಿಗೆ ಸಾದಾ ಗಂಜಿಯ ಕಥೆ ಮುಗಿಯಿತು.

ಅದಕ್ಕೆ ಬಂದದ್ದು ಸಿಎಂಸಿ, ಅಂದರೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಗಿಡಮರದ ನಾರಿನಲ್ಲಿರುವ ಸೆಲ್ಯುಲೋಸನ್ನು ಕಾಸ್ಟಿಕ್ ಸೋಡಾ ಮತ್ತು ಒಂದು ಕ್ಲೋರಿನ್ ಆಮ್ಲದ ಜೊತೆ ಬೇಯಿಸಿದರೆ ನೀರಲ್ಲಿ ಕರಗುವ ಅಂಟಾಗುತ್ತದೆ. ಸೆಲ್ಯುಲೋಸ್ ಎಲ್ಲಿಂದ? ಮರದ ತಿರುಳಿನಿಂದ ತೆಗೆಯಬಹುದು. ಅದಕ್ಕಿಂತ ಶುದ್ಧವಾದದ್ದು ಹತ್ತಿ ಬಿಡಿಸಿದ ಮೇಲೆ ಬೀಜಕ್ಕೆ ಅಂಟಿ ಉಳಿಯುವ ತುಂಡು ನಾರು. ನೂಲಲು ಬಾರದ ಕಸ ಅದು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಈ ಊರಲ್ಲಿ ನಿಂತು ಇದನ್ನು ಹೇಳುವುದಕ್ಕೆ ನನಗೆ ಸ್ವಲ್ಪ ಹೆಮ್ಮೆ. ಮಿಲ್ಲುಗಳ ಈಗಿನ ಗತಿ ನೆನೆದರೆ ಸ್ವಲ್ಪ ಬೇಜಾರು.

ಕಬ್ಬಿನ ಸಿಪ್ಪೆ, ಮೆಕ್ಕೆಜೋಳದ ಬೆಂಡು, ಭತ್ತದ ಹುಲ್ಲಿನಿಂದಲೂ ಸಿಎಂಸಿ ಮಾಡಬಹುದು, ಮಾಡಿದ್ದಾರೆ. ಆದರೆ ಮೊದಲು ನಾರನ್ನು ಬೆಸೆದಿರುವ ಲಿಗ್ನಿನ್, ಮರಳಿನಂಥ ಸಿಲಿಕಾ ಎಲ್ಲ ತೊಳೆದು ತೆಗೆಯಬೇಕು. ತೊಳೆದ ಕ್ಷಾರದ ನೀರು ಎಲ್ಲಿ ಬಿಡುತ್ತೀರಿ? ಅದನ್ನು ತುಂಗಭದ್ರೆಗೆ ಬಿಟ್ಟು ಪದಾರ್ಥಕ್ಕೆ ಹಸಿರು ಲೇಬಲ್ ಹಚ್ಚಿದರೆ ಆಯಿತಾ?

ಈಗ ನನಗೆ ಪ್ರೀತಿಯ ವಸ್ತು, ಹುಣಸೆ ಬೀಜ. ಚಿಕ್ಕಂದಿನಲ್ಲಿ ಒಂದು ಬದಿ ಉಜ್ಜಿ ಬಿಳಿ ಮಾಡಿ ಚೌಕಾಬಾರ ಆಡಿದ್ದೇವೆ. ಕಂಬಳಿ ನೇಯುವವರು ಇದರ ಸರಿ (ಗಂಜಿ) ಮಾಡಿ ಉಣ್ಣೆಯ ನೂಲಿಗೆ ಹಚ್ಚುತ್ತಾರೆ. ಕೊಪ್ಪಳದ ಕಿನ್ನಾಳದ ಗೊಂಬೆಯವರು ಗೋಣಿನಾರು, ಮರದ ಪುಡಿ ಕಲಸಲು ಇದೇ ಅಂಟು ಬಳಸುತ್ತಾರೆ. ಸಕ್ಕರೆಯ ಕಣಗಳು ಉದ್ದನೆ ಸರಪಳಿಯಾಗಿ ನೀರು ಹಿಡಿದು ಊದಿಕೊಳ್ಳುವ ಪದಾರ್ಥ ಅದರೊಳಗಿದೆ. ಧನಬಾದಿನ ಇಂಡಿಯನ್ ಸ್ಕೂಲ್ ಆಫ್ ಮೈನ್ಸ್‌ನ ಸಂಶೋಧಕರು 2004ರಲ್ಲೇ ಹುಣಸೆ ಬೀಜದ ಅಂಟನ್ನು ಬೆಂಟೊನೈಟ್ ಕೆಸರಿಗೆ ಬೆರೆಸಿ ಪರೀಕ್ಷಿಸಿ ಬರೆದರು. ಬೇಕಾದ ದಪ್ಪವೂ ಬಂತು, ನೀರಿನ ಸೋರಿಕೆಯೂ ಇಳಿಯಿತು. ಇದರ ಅಣ್ಣನಂಥದ್ದು ನಮ್ಮ ಗೋರಿಕಾಯಿ ಬೀಜದ ಅಂಟು. ಅದು ಕಸವಲ್ಲ, ಬೆಳೆಯೇ. ಅಮೆರಿಕದಲ್ಲಿ ಶೇಲ್ ಎಂಬ ಪದರಗಲ್ಲಿನಿಂದ ಎಣ್ಣೆ, ಅನಿಲ ತೆಗೆಯುವ ಬಾವಿಗಳ ಹುಚ್ಚು ಏರಿದಾಗ ರಾಜಸ್ಥಾನದಲ್ಲಿ ಅದರ ಬೆಲೆ ಆಕಾಶಕ್ಕೇರಿ, 2012ರ ಮಾರ್ಚಿನಲ್ಲಿ ವಾಯಿದಾ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ಪಲ್ಯದ ಕಾಯಿಗೆ ಅಂಥ ಯೋಗ!

ಚನ್ನಗಿರಿ ಕಡೆಯವರು ಯಾರಿದ್ದೀರಿ? ನಿಮಗೊಂದು ಮಾತು. ಕೆಸರು ವಿಪರೀತ ದಪ್ಪವಾದಾಗ ಅದನ್ನು ಸಡಿಲಿಸುವ ಪದಾರ್ಥ ಬೇಕಾಗುತ್ತದೆ. ಜೇಡಿಯ ಕಣ ಸಣ್ಣ ಹಾಳೆಯ ಹಾಗೆ. ಒಂದರ ಅಂಚು ಇನ್ನೊಂದರ ಮೈಗೆ ಅಂಟಿ ಇಸ್ಪೀಟಿನ ಮನೆಯಂತೆ ನಿಲ್ಲುತ್ತವೆ. ಆ ಅಂಚಿಗೆ ಮರದ ತೊಗಟೆ, ಕಾಯಿಗಳಲ್ಲಿರುವ ಟ್ಯಾನಿನ್ ಹೋಗಿ ಕೂತರೆ ಮನೆ ಬಿಚ್ಚಿಕೊಳ್ಳುತ್ತದೆ. ಹಿಂದೆ ಇದಕ್ಕೆ ಅರ್ಜೆಂಟೀನಾ, ಪರಾಗ್ವೆಯ ಕೆಬ್ರಾಚೊ ಮರದ ಟ್ಯಾನಿನ್ ಹಾಕುತ್ತಿದ್ದರು. ಕೊಡಲಿ ಮುರಿಯುವ ಮರ ಅಂತ ಆ ಹೆಸರಿನ ಅರ್ಥ. ಕಾಸ್ಟಿಕ್ ಜೊತೆ ಹಾಕಿದರೆ ಕೆಸರು ಕೆಂಪಾಗುತ್ತಿತ್ತು. ಆಮೇಲೆ ಕಾಗದದ ಕಾರ್ಖಾನೆಯ ತ್ಯಾಜ್ಯ ನೀರಿನಿಂದ ತೆಗೆದ ಲಿಗ್ನೊಸಲ್ಫೊನೇಟ್ ಬಂತು. ಅದಕ್ಕೆ ಕ್ರೋಮಿಯಂ ಸೇರಿಸುತ್ತಿದ್ದರು. ಕ್ರೋಮಿಯಂ ವಿಷ ಅಂತ ಈಗ ಜನ ಹಿಂಜರಿಯುತ್ತಾರೆ. ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಚೊಗರು ಉಳಿಯುತ್ತದಲ್ಲ, ಕೆಂಪಗೆ, ಬಾಯಿಗೆ ಒಗರು? ಆ ಒಗರೇ ಟ್ಯಾನಿನ್. ವಿದ್ಯಾರ್ಥಿಗಳೇ, ಪ್ರಾಜೆಕ್ಟಿಗೆ ವಿಷಯ ಸಿಗಲಿಲ್ಲ ಅಂತ ಈ ವರ್ಷ ಯಾರೂ ನನ್ನ ಹತ್ತಿರ ಬರಬೇಡಿ.

ಆದರೆ ಸರಿಯಾಗಿ ಮಾಡಿ. ಈ ವಿಷಯದ ಲೇಖನಗಳು ಈಗ ಮಳೆಗಾಲದ ಅಣಬೆ. ಬಾಳೆ ಸಿಪ್ಪೆ, ಕಿತ್ತಳೆ ಸಿಪ್ಪೆ, ಆಲೂಗಡ್ಡೆ ಸಿಪ್ಪೆ, ಮಾವಿನ ವಾಟೆ. ಕೆಲವು ನಿಜಕ್ಕೂ ಚೆನ್ನಾಗಿವೆ. ಜಾಸ್ತಿ ಲೇಖನಗಳಲ್ಲಿ ನಡೆಯುವುದು ಇಷ್ಟು: 350 ಮಿಲಿಲೀಟರ್ ನೀರು, 22.5 ಗ್ರಾಂ ಬೆಂಟೊನೈಟ್, ಸ್ವಲ್ಪ ಸಿಪ್ಪೆ ಪುಡಿ, ಮಿಕ್ಸರ್. ಆಮೇಲೆ ಚದರ ಸೆಂಟಿಮೀಟರಿಗೆ ಏಳು ಕೆಜಿ ಒತ್ತಡದಲ್ಲಿ 30 ನಿಮಿಷ ಸೋಸಿ ಎಷ್ಟು ನೀರು ಇಳಿಯಿತು ನೋಡುವುದು. ಕಡಿಮೆ ಇಳಿಯಿತು, ಪುಡಿ ಒಳ್ಳೆಯದು, ಮುಗಿಯಿತು. ಹೆಚ್ಚಿನ ನುಣ್ಣನೆ ಪುಡಿಗಳಿಗೆ ಸ್ವಲ್ಪ ಕಡಿಮೆಯೇ ಇಳಿಯುತ್ತದೆ, ಮರದ ಪುಡಿ ಹಾಕಿದರೂ ಅಷ್ಟೇ. ಕೇಳಬೇಕಾದ್ದು ಬೇರೆ. ಅದೇ ಕೆಸರನ್ನು ಬಾವಿಯ ಬಿಸಿಯಲ್ಲಿ 16 ಗಂಟೆ ಉರುಳಿಸಿದ ಮೇಲೆ ಏನಾಯಿತು? ಉಪ್ಪುನೀರು ಬೆರೆತರೆ? ಒಂದು ವಾರ ಇಟ್ಟರೆ ಹಳಸಿತಾ? ಪಿಎಚ್ ಬಿತ್ತಾ? ಮುಂದಿನ ಸುಗ್ಗಿಯ ಸಿಪ್ಪೆಯಲ್ಲೂ ಇದೇ ಅಂಕಿ ಬರುತ್ತದಾ?

ನನ್ನ ಅಭಿಪ್ರಾಯ ಕೇಳಿದರೆ, ಬಿರುಕು ಮುಚ್ಚುವ ಕೆಲಸದಲ್ಲಿ ಹೊಲದ ಕಸ ಪಾಸಾಗಿ ದಶಕಗಳೇ ಆದವು. ನೀರು ತಡೆಯುವ, ದಪ್ಪ ಮಾಡುವ ಕೆಲಸದಲ್ಲಿ ಹಸಿ ಸಿಪ್ಪೆಯ ಪುಡಿ ಇನ್ನೂ ಪರೀಕ್ಷೆ ಬರೆಯುತ್ತಿದೆ. ಅಲ್ಲಿ ಗೆದ್ದಿರುವುದು ಸಂಸ್ಕರಿಸಿ ತೆಗೆದ ಗಂಜಿ, ಅಂಟು, ಸಿಎಂಸಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಹುಡುಗಿ ಕೇಳಿದಳು, ತೈಲ ಬಾವಿಯೇ ಇಲ್ಲದ ಕರ್ನಾಟಕದಲ್ಲಿ ಇದನ್ನು ಕಲಿತು ಏನು ಮಾಡುವುದು? ಒಳ್ಳೆ ಪ್ರಶ್ನೆ. ಬೆಂಗಳೂರಿನಲ್ಲಿ ರಸ್ತೆ ಅಗೆಯದೆ ಗ್ಯಾಸ್ ಪೈಪು, ಕೇಬಲ್ ಎಳೆಯುತ್ತಾರಲ್ಲ, ಒಂದು ಕಡೆಯಿಂದ ಅಡ್ಡಡ್ಡ ಕೊರೆದು ಇನ್ನೊಂದು ಕಡೆ ಹೊರಬರುವುದು? ಅಲ್ಲೂ ಇದೇ ಬೆಂಟೊನೈಟ್ ಕೆಸರು. ಸೇತುವೆಯ ಕಂಬಕ್ಕೆ ಗುಂಡಿ ಕೊರೆಯುವಾಗ ಗೋಡೆ ಕುಸಿಯದ ಹಾಗೆ ತುಂಬುವುದೂ ಅದೇ. ಆಳ ಕಡಿಮೆ, ಬಿಸಿ ಇಲ್ಲ. ಗಂಜಿ, ಹುಣಸೆ ಅಂಟಿನಂಥವಕ್ಕೆ ತೈಲ ಬಾವಿಗಿಂತ ಇಂಥ ಕಡೆಯೇ ಬದುಕು ಸುಲಭ ಅಂತ ನನಗನ್ನಿಸುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಹರಿಹರದ ಕಡೆಯವರು, ಭತ್ತ ಬೆಳೆಯುವವರು. "ಅದೆಲ್ಲ ಸರಿ ಸ್ವಾಮಿ. ನಮ್ಮ ಹೊಟ್ಟಿಗೆ ಅವರು ಕೆಜಿಗೆ ಎಷ್ಟು ಕೊಡ್ತಾರೆ?"

ಅವರಿಗೆ ಬೋರ್ಡಿನ ಮೇಲೆ ಲೆಕ್ಕ ಬರೆದು ತೋರಿಸಿದೆ. ಲಾಸ್ ಆದಾಗ ಒಂದು ಸಲಕ್ಕೆ ಸುಮಾರು 100 ಬ್ಯಾರೆಲ್ ಹೊಟ್ಟು ಬೆರೆಸಿದ ಕೆಸರು ಕಲಸುತ್ತೇವೆ, ಅಂದರೆ 16,000 ಲೀಟರ್. ಬ್ಯಾರೆಲ್‌ಗೆ 20 ಪೌಂಡ್, ಅಂದರೆ ಸುಮಾರು 9 ಕೆಜಿ ಹೊಟ್ಟು ಹಿಡಿದರೂ ಒಟ್ಟು 900 ಕೆಜಿ. 100 ಕೆಜಿ ಭತ್ತಕ್ಕೆ 20 ಕೆಜಿ ಹೊಟ್ಟು ಬರುತ್ತದೆ. ಹಾಗಾದರೆ ಆ 900 ಕೆಜಿಗೆ ನಾಲ್ಕೂವರೆ ಟನ್ ಭತ್ತ ಸಾಕು. ಗಂಟೆಗೆ ಎರಡು ಟನ್ ಬಡಿಯುವ ಗಿರಣಿಗೆ ಅದು ಎರಡೂಕಾಲು ಗಂಟೆಯ ಕೆಲಸ. ಲಾಸ್ ದಿನಾ ಆಗುವುದೂ ಇಲ್ಲ.

ಅವರು ಬೋರ್ಡನ್ನೇ ಸ್ವಲ್ಪ ಹೊತ್ತು ನೋಡಿದರು. "ಅಂದ್ರೆ ನಮ್ಮ ಒಂದು ಗಿರಣಿಯ ಹೊಟ್ಟಿಗೂ ಅವರು ಸಾಲೋದಿಲ್ಲ."

ಸಾಲೋದಿಲ್ಲ ಅಂದೆ. ಜರಡಿ, ಬೀಸುವ ಯಂತ್ರ ಇಟ್ಟು, ಗಾತ್ರ ಹಿಡಿದು, ಚೀಲ ಕಟ್ಟಿ ಮಾರುವವನಿಗೆ ನಾಲ್ಕು ಕಾಸು ಉಳಿಯಬಹುದು. ಸಡಿಲ ಹೊಟ್ಟಾದರೆ ಸದ್ಯಕ್ಕೆ ಮಂಡಕ್ಕಿ ಭಟ್ಟಿಯವರಿಗೇ ಕೊಡಿ. "ಅವರಿಗೇ ಕೊಡ್ತಿರೋದು" ಅಂತ ಹೇಳಿ ಅವರು ಕೂತರು. ಆಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಂತು, ಎಲ್ಲರೂ ಎದ್ದೆವು.